ಹಿಂದಿನ ಅಜ್ಜಿ

ಚಿರಂಜೀವಿ ಪುಟ್ಟಿಗೆ ನಿನ್ನ ಚಿಕ್ಕಜ್ಜಿಯ ಆಶೀರ್ವಾದಗಳು.

ನಿನ್ನ ಪತ್ರದ ಉಳಿದ ಸಂಗತಿಗಳಿಗೆ ಇನ್ನೊಮ್ಮೆ ಉತ್ತರಿಸುತ್ತೇನೆ. ಅಜ್ಜಿ ಎಂದೊಡನೆ ಹಾಸಿಗೆ ಹಿಡಿದ ಮುಖವೊಂದೇ ಕಣ್ಣೆದುರು ಬರುತ್ತದೆ, ಅದಕ್ಕೂ ಹಿಂದಿನ ಅಜ್ಜಿ ಸಿಗುತ್ತಲೇ ಇಲ್ಲ ಎಂದು ನೀನು ಬರೆದ ಸಾಲನ್ನು ಓದಿದ ಮೇಲೆ ನನ್ನ ಮನಸ್ಸು ಬೇರೆಲ್ಲೂ ನಿಲ್ಲುತ್ತಿಲ್ಲ.

ನಮ್ಮ ತಂದೆ ನಿನ್ನ ಅಜ್ಜಿಯನ್ನೂ, ಅಂದರೆ ನನ್ನ ಅಕ್ಕನನ್ನೂ, ನನ್ನನ್ನೂ ಹಾಸನದಲ್ಲಿ ಬೆರಳಚ್ಚು ಕಲಿಯಲು ಸೇರಿಸಿದ್ದರು. ಅಕ್ಕ ಸೀನಿಯರ್ ಪರೀಕ್ಷೆ ಮುಗಿಸಿ ಸರ್ಕಾರಿ ನೌಕರಿಗೆ ಹೋದಳು; ನನ್ನದು ಜೂನಿಯರ್ ಪರೀಕ್ಷೆಗೆ ಮೊದಲೇ ಮೂಡಿಗೆರೆಯ ಕಡೆಗೆ ಮದುವೆಯಾಗಿ ನಿಂತಿತು. ತೋಟದ ಆಳುಗಳ ಸಂಬಳದ ಲೆಕ್ಕ ಬರೆಯುವಾಗೆಲ್ಲ ಆ ಕೊರಗು ನನ್ನನ್ನು ಕಾಡಿದ್ದುಂಟು. ಅದಿರಲಿ.

ಅದು ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಏಳುತ್ತಿದ್ದ ಕಾಲ. 1979ರಲ್ಲಿ ಕಟ್ಟೆ ಮುಗಿದ ಮೇಲೂ ಮುಳುಗಡೆಯ ಜನ ಪರಿಹಾರಕ್ಕೆ, ಬದಲಿ ಜಮೀನಿಗೆ ಅರ್ಜಿ ಹಿಡಿದು ಅಲೆಯುತ್ತಿದ್ದರು. ಆಗ ಅಕ್ಕನದು ಟಪಾಲಿನ ಮೇಜು. ಬಂದ ಅರ್ಜಿಯನ್ನು ಆವಕ ವಹಿಯಲ್ಲಿ ಸಂಖ್ಯೆ ಕೊಟ್ಟು ದಾಖಲಿಸಿ ವಿಷಯ ನಿರ್ವಾಹಕರಿಗೆ, ಅಂದರೆ ಆ ಕಡತ ನೋಡುವ ಗುಮಾಸ್ತರಿಗೆ, ಕಳುಹಿಸಿದರೆ ಅವಳ ಕೆಲಸ ಮುಗಿಯಿತು. ಆದರೆ ಅವಳು ಆ ಸಂಖ್ಯೆಯನ್ನೂ ದಿನಾಂಕವನ್ನೂ ಚೀಟಿಯಲ್ಲಿ ಬರೆದು ಅರ್ಜಿದಾರರ ಕೈಗಿಡುತ್ತಿದ್ದಳು, ಓದು ಬಾರದವರಾದರೆ ಬಾಯಿಪಾಠವಾಗುವವರೆಗೆ ಹೇಳಿಸಿಯೇ ಕಳುಹಿಸುತ್ತಿದ್ದಳು. ಸಂಖ್ಯೆಯಿಲ್ಲದ ಅರ್ಜಿಗೆ ತಂದೆತಾಯಿಯಿಲ್ಲ ಎನ್ನುವುದು ಅವಳ ಮಾತು. ಎಷ್ಟೋ ವರ್ಷಗಳ ಮೇಲೆ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಸೊಪ್ಪು ಮಾರುತ್ತಿದ್ದ ಮುದುಕಿಯೊಬ್ಬಳು "ಚೀಟಿ ಅಮ್ಮ ಅಲ್ವರಾ?" ಎಂದು ಗುರುತು ಹಿಡಿದು, ದುಡ್ಡು ತೆಗೆದುಕೊಳ್ಳಲು ಒಪ್ಪದೆ ಜಗಳವಾಡಿದ್ದನ್ನು ನಾನೇ ಪಕ್ಕದಲ್ಲಿ ನಿಂತು ನೋಡಿದ್ದೇನೆ.

ಅಧೀಕ್ಷಕಿಯಾಗಿ 58ಕ್ಕೆ ನಿವೃತ್ತಳಾದಳು. 2008ರಲ್ಲಿ ನಿವೃತ್ತಿಯ ವಯಸ್ಸು 60 ಆಯಿತೆಂದು ಕೇಳಿ, ಆ ಎರಡು ವರ್ಷ ತನಗೂ ಸಿಕ್ಕಿದ್ದರೆ ದಾಖಲೆ ಕೋಣೆಯ ಹಳೆಯ ಕಡತಗಳನ್ನೆಲ್ಲ ಜೋಡಿಸಿಡುತ್ತಿದ್ದೆ ಎಂದು ಗೊಣಗಿದ್ದಳು. ಸಂಬಳದ ಮಾತೇ ಬರಲಿಲ್ಲ!

ಇಷ್ಟನ್ನು ಬರೆದದ್ದು ಆ ಕೊನೆಯ ಮುಖದ ಬಗ್ಗೆ ಹೇಳುವುದಕ್ಕಾಗಿ. ಹಾಸಿಗೆಯಲ್ಲಿ ಅವಳು ಹೊದಿಕೆಯ ಅಂಚನ್ನು ಮತ್ತೆ ಮತ್ತೆ ಮಡಿಸಿ ನೀವುತ್ತ "ದಿನಾಂಕ ಹಾಕಿದೆಯಾ?" ಎಂದು ಕೇಳುತ್ತಿದ್ದುದನ್ನು ನೀನು ಬರಿಯ ಕನವರಿಕೆಯೆಂದು ಬರೆದಿದ್ದೀಯೆ. ಅವಳು ಟಿಪ್ಪಣಿ ಹಾಳೆಯ ಅಂಚನ್ನು ಮಡಿಸುತ್ತಿದ್ದುದು ಹಾಗೆಯೇ, ಕೈಕೆಳಗಿನವರನ್ನು ಕೇಳುತ್ತಿದ್ದುದೂ ಅದೇ ಧಾಟಿಯಲ್ಲಿ. ನಿನ್ನ ಹೆಸರು ಅವಳಿಗೆ ತಪ್ಪಿಹೋಗಿತ್ತು, ನಿಜ; ಆದರೆ ನೀನು ಹುಡುಕುತ್ತಿರುವ ಅಜ್ಜಿ ಆ ಮಂಚದ ಮೇಲೂ ಇದ್ದಳು. ಆ ಮುಖವನ್ನು ಓಡಿಸಲು ಹೆಣಗಬೇಡ ಎಂದು ನಾನು ಹೇಳುವುದು ಅದಕ್ಕಾಗಿ. ನಿಮ್ಮ ಚಿಕ್ಕ ತಾತ ಹೋದಾಗ ನನಗೂ ಬಹಳ ಕಾಲ ಆಸ್ಪತ್ರೆಯ ಮುಖವೇ ಕಾಣುತ್ತಿತ್ತು. ಉಳಿದದ್ದು ತಡವಾಗಿ, ಕರೆಯದೆ ಬಂತು.

ಬುದ್ಧಿ ಹೇಳುವಷ್ಟು ತಿಳಿದವಳು ನಾನಲ್ಲ. ಆದರೂ ಅವಳು ಯಾವುದಕ್ಕೆ ಬಯ್ಯುತ್ತಿದ್ದಳೆಂದು ನಿನ್ನ ಅಮ್ಮನನ್ನು ಕೇಳಿ ಬರೆದಿಡು. ಹೊಗಳಿಕೆಗಿಂತ ಅದರಲ್ಲಿ ಅವಳು ಹೆಚ್ಚು ಸಿಗುತ್ತಾಳೆ. ನಿದ್ರೆ ಬಾರದಿರುವುದು ಹೀಗೇ ಮುಂದುವರಿದರೆ ವೈದ್ಯರನ್ನು ಕಾಣಲು ಸಂಕೋಚಪಡಬೇಡ. ಅವಳ ಬೆರಳಚ್ಚು ಪರೀಕ್ಷೆಯ ಪ್ರಮಾಣಪತ್ರ ನನ್ನ ಬೀರುವಿನಲ್ಲಿದೆ, ಅಂಚೆಗೆ ಹಾಕಲು ಧೈರ್ಯವಿಲ್ಲ. ನೀನೇ ಬಂದು ತೆಗೆದುಕೊಂಡು ಹೋಗು.

ಇಂತು,
ನಿನ್ನ ಚಿಕ್ಕಜ್ಜಿ