ನೆಬ್ಯುಲೈಸರ್ ಕೋಣೆಯ ನರ್ಸ್ ಅಕ್ಕನಿಗೆ

ಮದ್ದನ್ನು ಮಂಜಿನಂತೆ ಮಾಡಿ ಉಸಿರಿನಲ್ಲಿ ಕೊಡುವ ಆ ನೆಬ್ಯುಲೈಸರ್ ಕೋಣೆಯ ಅಕ್ಕ, ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಇದನ್ನು ಓದಿದರೆ ನೀವೇ ಅಂತ ನಿಮಗೆ ಗೊತ್ತಾಗುತ್ತದೆ.

ನನ್ನ ಮಗನಿಗೆ ಆಸ್ತಮಾ ಅಂದರೆ ಎಲ್ಲರೂ ಮಗುವಿನ ಬಗ್ಗೆ ಕೇಳುತ್ತಾರೆ. ಕೇಳಲೇಬೇಕು ಬಿಡಿ. "ನೀವು ರಾತ್ರಿ ನಿದ್ದೆ ಮಾಡ್ತೀರಾ?" ಅಂತ ನನ್ನನ್ನು ಕೇಳಿದವರು ನೀವೊಬ್ಬರೇ. ಉಬ್ಬಸ ಜಾಸ್ತಿ ಕಾಡುವುದು ರಾತ್ರಿ, ನಸುಕಿನಲ್ಲಿ. ರಾತ್ರಿಯಿಡೀ ಮಗನ ಎದೆ ಸುಂಯ್‌ಗುಟ್ಟುವುದನ್ನೇ ಕೇಳುತ್ತಾ ಕೂತಿದ್ದು, ಬೆಳಗ್ಗೆ ಕೆಲಸಕ್ಕೆ ಹೋಗದಿದ್ದರೆ ಕೂಲಿ ಇಲ್ಲ. ಕೂಲಿ ಇಲ್ಲದಿದ್ದರೆ ಔಷಧಿ ತರುವುದು ಮುಂದಕ್ಕೆ. ಗೋಡೆಯ ತೇವ, ಹೊಗೆ ಆಗಿಬರುವುದಿಲ್ಲ ಅಂತ ಗೊತ್ತು, ಆದರೆ ಬಾಡಿಗೆ ಮನೆ ಬದಲಿಸುವುದು ಸುಲಭವಾ? ಇದನ್ನೆಲ್ಲ ನಾನು ಹೇಳುವ ಮೊದಲೇ ನೀವು ಅರ್ಥ ಮಾಡಿಕೊಂಡಿರಿ.

ಆಮೇಲೆ ಪಕ್ಕದಲ್ಲಿ ಕೂತು ತೋರಿಸಿದಿರಿ. ಬಾಯಿಂದ ಮದ್ದು ಎಳೆದುಕೊಳ್ಳುವ ಎರಡು ಪಂಪ್ (ಇನ್ಹೇಲರ್). ಒಂದು ಪಂಪ್ ಉಬ್ಬಸ ಬಂದಾಗ, ಕೆಲವೇ ನಿಮಿಷದಲ್ಲಿ ಉಸಿರು ಸಲೀಸಾಗಲು. ಇನ್ನೊಂದು ದಿನಾ, ಮಗು ಆರಾಮಾಗಿದ್ದರೂ. ಅದು ಶ್ವಾಸನಾಳದ ಊತ ಇಳಿಸುತ್ತದೆ, ಅದರ ಪೂರ್ತಿ ಪರಿಣಾಮ ಕಾಣಲು ವಾರಗಳು ಬೇಕು. ಪಂಪ್‌ಗೆ ಸಿಕ್ಕಿಸುವ ಕೊಳವೆ, ಸ್ಪೇಸರ್, ಇದ್ದರೆ ಮದ್ದು ಬಾಯಲ್ಲೇ ಉಳಿಯದೆ ಎದೆಗೆ ಇಳಿಯುತ್ತದೆ. ದಿನದ ಪಂಪ್ ಆದ ಮೇಲೆ ಬಾಯಿ ಮುಕ್ಕಳಿಸಬೇಕು. ಮಾತಾಡಲಾಗದಷ್ಟು ಏದುಸಿರು, ಪಕ್ಕೆ ಒಳಗೆ ಸೆಳೆಯುವುದು, ತುಟಿ ನೀಲಿಯಾಗುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಅಂತ ಚೀಟಿಯಲ್ಲಿ ಬರೆದೂ ಕೊಟ್ಟಿರಿ. ನಾನಿಲ್ಲದಾಗ ಮಗನನ್ನು ನೋಡಿಕೊಳ್ಳುವವರಿಗೂ ಈಗ ಧೈರ್ಯ.

"ಇದು ನಿಮ್ಮಿಂದ ಬಂದಿದ್ದಲ್ಲ" ಅಂದಿರಿ. ಇಂಥ ಮಾತನ್ನೂ ಮದ್ದಿನ ಚೀಟಿಯಲ್ಲಿ ಬರೆಯಬೇಕು, ಅಲ್ವಾ? ಡ್ಯೂಟಿ ಮುಗಿಸಿ ಹೊರಟಿದ್ದ ನೀವು ನನಗಾಗಿ ಮತ್ತೆ ಕೂತಿರಿ. ತುಂಬಾ ಥ್ಯಾಂಕ್ಸ್ ಅಕ್ಕ.