ನೆಗಡಿಗೆ ಆಂಟಿಬಯಾಟಿಕ್ ಬೇಡ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ತರಗತಿಗಳಲ್ಲಿ ನೆಗಡಿ, ಕೆಮ್ಮು ಹಬ್ಬಿದೆ. ಮಗು ಬೇಗ ಶಾಲೆಗೆ ಬರಲಿ ಎಂದು ದಯವಿಟ್ಟು ಆಂಟಿಬಯಾಟಿಕ್ ಬರೆಸಿಕೊಳ್ಳಬೇಡಿ. ಅಂಥ ಚೀಟಿಯನ್ನು ಶಾಲೆ ಕೇಳುವುದಿಲ್ಲ. ಜ್ವರದ ಔಷಧಿ ಕೊಡದೆಯೇ 24 ಗಂಟೆ ಜ್ವರವಿಲ್ಲದೆ ಮಗು ಗೆಲುವಾಗಿದ್ದರೆ, ಮೂಗು ಸ್ವಲ್ಪ ಸುರಿಯುತ್ತಿದ್ದರೂ ಕಳಿಸಿ.

ನೆಗಡಿ ಬರುವುದು ವೈರಸ್‌ನಿಂದ. ಆಂಟಿಬಯಾಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಮೇಲೆ ಮಾತ್ರ. ಕೊಟ್ಟರೂ ಒಂದು ದಿನ ಮೊದಲು ವಾಸಿಯಾಗುವುದಿಲ್ಲ. ಮೂರ್ನಾಲ್ಕನೇ ದಿನ ಸಿಂಬಳ ಹಳದಿ, ಹಸಿರಾದಾಗ ಹೆಚ್ಚಿನವರಿಗೆ ಗಾಬರಿ. ಸೋಂಕಿನೊಡನೆ ಸೆಣಸುವ ಬಿಳಿ ರಕ್ತಕಣಗಳಲ್ಲಿನ ಕಿಣ್ವದ ಬಣ್ಣ ಅದು, ಮಾಮೂಲಿ ನೆಗಡಿಯಲ್ಲೂ ಬರುತ್ತದೆ. ನೆಗಡಿ 7ರಿಂದ 10 ದಿನ ಇರುತ್ತದೆ, ಕೆಮ್ಮು ಎರಡು ಮೂರು ವಾರ ಎಳೆಯಬಹುದು. 10 ದಿನ ಕಳೆದರೂ ಇಳಿಯದಿದ್ದರೆ, ಅಥವಾ ಇಳಿದದ್ದು ಮತ್ತೆ ಜ್ವರದೊಂದಿಗೆ ಏರಿದರೆ ವೈದ್ಯರ ಬಳಿ ಹೋಗಿ.

ಗಂಟಲು ನೋವಿನಲ್ಲಿ ಮಾತ್ರ ಎಚ್ಚರ ಬೇಕು. ಅದೂ ಬಹುಪಾಲು ವೈರಸ್‌ನದೇ. ಆದರೆ ನೆಗಡಿ, ಕೆಮ್ಮು ಇಲ್ಲದೆ ಏಕಾಏಕಿ ಜ್ವರ ಬಂದು, ಉಗುಳು ನುಂಗಲೂ ನೋವಾಗಿ, ಕುತ್ತಿಗೆಯ ಗಂಟು ಊದಿದರೆ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಇರಬಹುದು. ಬರೀ ಕಣ್ಣಿಗೆ ಇದು ಖಚಿತವಾಗದು. ಗಂಟಲಿನಿಂದ ಹತ್ತಿಯ ಕಡ್ಡಿಯಲ್ಲಿ ಮಾದರಿ ತೆಗೆದು ಪರೀಕ್ಷಿಸಬೇಕು. ಖಚಿತವಾದರೆ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್, ಸಾಮಾನ್ಯವಾಗಿ 10 ದಿನ. ಮೂರನೇ ದಿನ ನೋವು ಹೋಯಿತೆಂದು ನಿಲ್ಲಿಸಬೇಡಿ: ಈ ಸೋಂಕನ್ನು ಅರ್ಧಕ್ಕೇ ಬಿಟ್ಟರೆ ಹೃದಯದ ಕವಾಟ ಕೆಡಿಸುವ ರುಮ್ಯಾಟಿಕ್ ಜ್ವರದ ಭಯವಿದೆ. ಔಷಧಿ ಶುರುವಾದ ಮೊದಲ 24 ಗಂಟೆ ಮಗು ಮನೆಯಲ್ಲೇ ಇರಲಿ.

ಫ್ರಿಜ್ ಬಾಗಿಲಲ್ಲಿ ಕಳೆದ ಸಲದ ಸಿರಪ್ ಬಾಟಲಿ ಉಳಿದಿದೆಯೇ? ಬಿಸಾಡಿ. ಪುಡಿಗೆ ನೀರು ಬೆರೆಸಿದ ಔಷಧಿ ಲೇಬಲ್‌ನಲ್ಲಿರುವಂತೆ 7ರಿಂದ 14 ದಿನಕ್ಕೆ ಸತ್ವ ಕಳೆದುಕೊಳ್ಳುತ್ತದೆ. ಡೋಸ್ ಲೆಕ್ಕ ಮಗುವಿನ ತೂಕದ ಮೇಲಿರುವುದರಿಂದ ಅಕ್ಕನದು ತಮ್ಮನಿಗೆ ಹೊಂದದು. ಮನೆಯಲ್ಲೇ ಎರಡು ಡೋಸ್ ಕೊಟ್ಟು ಆಮೇಲೆ ಪರೀಕ್ಷೆಗೆ ಹೋದರೆ ಬ್ಯಾಕ್ಟೀರಿಯಾ ಸಿಗದೆ ತಪ್ಪಿಹೋಗಬಹುದು. ಬೇಡದ ಔಷಧಿಯಿಂದ ಭೇದಿ, ಮೈಮೇಲೆ ದದ್ದು. ಉಳಿದುಕೊಂಡ ಬ್ಯಾಕ್ಟೀರಿಯಾ ಮುಂದೆ ಅದೇ ಔಷಧಿಗೆ ಜಗ್ಗುವುದಿಲ್ಲ.

ಜ್ವರ, ನೋವಿಗೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಕೊಡಿ, ದಿನಕ್ಕೆ ನಾಲ್ಕು ಸಲ ಮೀರದಂತೆ. ಆಸ್ಪಿರಿನ್ ಬೇಡ. ರಾತ್ರಿ ಕೆಮ್ಮಿಗೆ ಅರ್ಧ ಚಮಚ ಜೇನು ಹಿತ. ಒಂದು ವರ್ಷದೊಳಗಿನ ಕೂಸಿಗೆ ಖಂಡಿತ ಕೂಡದು. ಉಸಿರಾಡುವಾಗ ಪಕ್ಕೆ ಒಳಗೆ ಎಳೆದರೆ, ನುಂಗಲಾಗದೆ ಜೊಲ್ಲು ಸುರಿದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ವೈದ್ಯರು ಆಂಟಿಬಯಾಟಿಕ್ ಬರೆದು, ಮಧ್ಯಾಹ್ನವೂ ಒಂದು ಡೋಸ್ ಇದ್ದರೆ, ಮಗುವಿನ ಹೆಸರು, ತರಗತಿ, ಕೊಡುವ ಹೊತ್ತು ಬರೆದು ಚೀಟಿಯೊಂದಿಗೆ ಕಚೇರಿಗೆ ತಂದುಕೊಡಿ. ಬ್ಯಾಗಿನಲ್ಲಿಟ್ಟು ಕಳಿಸಬೇಡಿ.

ಇತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು