ಲಿನಕ್ಸ್ ಕಥೆ ಶುರುವಾಗೋದು 1991ರಲ್ಲಿ ಅಲ್ಲ

ಸಂಪಾದಕರೇ,

ಲಿನಕ್ಸ್ ಬಗ್ಗೆ ಯಾರೇ ಬರೆದ್ರೂ, ಹೆಲ್ಸಿಂಕಿಯ 21 ವರ್ಷದ ಸ್ಟೂಡೆಂಟ್ ಒಬ್ಬ 1991ರಲ್ಲಿ ಒಂದು ಆಪರೇಟಿಂಗ್ ಸಿಸ್ಟಮ್ ಬರೆದ ಅಂತಲೇ ಶುರು ಮಾಡ್ತಾರೆ, ಮೊನ್ನೆ ನಿಮ್ಮ ಪತ್ರಿಕೆಲೂ ಹಾಗೇ ಬಂದಿತ್ತು, ಓದಿ ತುಂಬಾ ಬೇಜಾರಾಯ್ತು. ಆ ಸ್ಟೂಡೆಂಟ್, ಲಿನಸ್ ಟೊರ್ವಾಲ್ಡ್ಸ್, ಮಾಡಿದ್ದು ದೊಡ್ಡ ಕೆಲಸ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಅವರು ಬರೆದಿದ್ದು ಕರ್ನಲ್, ಅಂದ್ರೆ ಹಾರ್ಡ್‌ವೇರ್‌ನ ನೋಡ್ಕೊಂಡು ಬೇರೆ ಪ್ರೋಗ್ರಾಮ್‌ಗಳನ್ನ ಓಡಿಸೋ ಸಿಸ್ಟಮ್‌ನ ತಿರುಳು ಮಾತ್ರ. ಅದಕ್ಕೂ ಎಂಟು ವರ್ಷ ಮುಂಚೆ, 1983ರ ಸೆಪ್ಟೆಂಬರ್ 27ಕ್ಕೇ, ಅಮೆರಿಕದ ಎಂಐಟಿಯ ಎಐ ಲ್ಯಾಬ್‌ನಲ್ಲಿದ್ದ ರಿಚರ್ಡ್ ಸ್ಟಾಲ್ಮನ್, ಯುನಿಕ್ಸ್ ಅನ್ನೋ ಆಗಿನ ಆಪರೇಟಿಂಗ್ ಸಿಸ್ಟಮ್ ಥರದ್ದೇ ಒಂದು ಪೂರ್ತಿ ಸಿಸ್ಟಮ್ ಬರೆದು ಎಲ್ಲರಿಗೂ ಹಂಚ್ತೀನಿ ಅಂತ ಹೇಳಿದ್ರು. ಅದೇ ಗ್ನೂ.

ಇದರ ಹಿಂದೆ ಒಂದು ಪ್ರಿಂಟರ್ ಇದೆ. ಲ್ಯಾಬ್‌ನ ಹಳೇ ಪ್ರಿಂಟರ್‌ನಲ್ಲಿ ಪೇಪರ್ ಸಿಕ್ಕಾಕೊಂಡ್ರೆ, ಪ್ರಿಂಟ್‌ಗೆ ಕಾಯ್ತಿದ್ದೋರಿಗೆಲ್ಲ ಮೆಸೇಜ್ ಹೋಗೋ ಹಾಗೆ ಸ್ಟಾಲ್ಮನ್ ಕೋಡ್ ಬರೆದಿದ್ರು, ಯಾರಾದ್ರೂ ಒಬ್ರು ಎದ್ದು ಹೋಗಿ ಸರಿ ಮಾಡೋರು. ಆಮೇಲೆ ಝೆರಾಕ್ಸ್‌ನ ಲೇಸರ್ ಪ್ರಿಂಟರ್ ಬಂತು, ಅದೂ ಜಾಮ್ ಆಗ್ತಿತ್ತು, ಆದ್ರೆ ಅದರ ಸೋರ್ಸ್ ಕೋಡ್, ಅಂದ್ರೆ ತಿದ್ದೋಕೆ ಬೇಕಾದ ಮೂಲ ಪ್ರೋಗ್ರಾಮ್, ಸಿಗ್ಲಿಲ್ಲ. ಬೇರೆ ಯೂನಿವರ್ಸಿಟಿಲಿ ಕೋಡ್ ಇದ್ದವರನ್ನ ಕೇಳಿದ್ರೆ ಅವರು, ಯಾರಿಗೂ ಕೊಡಲ್ಲ ಅಂತ ಮಾತು ಕೊಟ್ಟಿದೀನಿ ಅಂದ್ಬಿಟ್ರು. ರಿಪೇರಿ ಗೊತ್ತಿರೋನು ಮಷೀನ್ ಪಕ್ಕದಲ್ಲೇ ಇದ್ರೂ ಕೈ ಹಾಕೋ ಹಾಗಿಲ್ಲ, ಇದೆಂಥಾ ಅನ್ಯಾಯ ಹೇಳಿ.

ಮುಂದೆ ಬರೆಯೋ ಕೋಡ್ ಮೇಲೆ ಎಂಐಟಿ ಹಕ್ಕು ಸಾಧಿಸಬಾರದು ಅಂತ 1984ರ ಜನವರಿಲಿ ಸ್ಟಾಲ್ಮನ್ ಕೆಲಸಾನೇ ಬಿಟ್ರು. ಗ್ನೂಗೆ ಕೋಡ್ ಬರೆಯೋ ಎಡಿಟರ್ ಇಮ್ಯಾಕ್ಸ್ ಬಂತು, 1987ರಲ್ಲಿ ಕೋಡ್‌ನ ಮಷೀನ್‌ಗೆ ಅರ್ಥವಾಗೋ ಹಾಗೆ ಬದಲಾಯಿಸೋ ಜಿಸಿಸಿ ಕಂಪೈಲರ್ ಬಂತು, 1989ರಲ್ಲಿ ನಾವು ಟೈಪ್ ಮಾಡೋ ಕಮಾಂಡ್‌ಗಳನ್ನ ನಡೆಸೋ, ಬ್ರಯಾನ್ ಫಾಕ್ಸ್ ಬರೆದ ಬ್ಯಾಶ್ ಬಂತು. ಅದೇ ವರ್ಷ ಜಿಪಿಎಲ್ ಲೈಸೆನ್ಸ್ ಕೂಡ, ಅಂದ್ರೆ ಈ ಕೋಡ್ ತಗೊಂಡು ಬದಲಾಯಿಸಿ ನೀವು ಇನ್ನೊಬ್ಬರಿಗೆ ಕೊಟ್ರೆ ನಿಮಗಿದ್ದ ಸ್ವಾತಂತ್ರ್ಯ ಅವರಿಗೂ ಕೊಡಲೇಬೇಕು, ಬೀಗ ಹಾಕೋ ಹಾಗಿಲ್ಲ. ಬಾಕಿ ಇದ್ದಿದ್ದು ಕರ್ನಲ್, ಗ್ನೂದವರ ಸ್ವಂತ ಕರ್ನಲ್ ಹರ್ಡ್ ಮಾತ್ರ ಎಳೀತಾನೇ ಹೋಯ್ತು.

1991ರ ಆಗಸ್ಟ್ 25ಕ್ಕೆ ಟೊರ್ವಾಲ್ಡ್ಸ್ ತಮ್ಮ ಸಿಸ್ಟಮ್ ಬಗ್ಗೆ ಹಾಕಿದ ಮೆಸೇಜ್‌ನೇ ಓದಿ ನೋಡಿ, ಇದು ಬರೀ ಹಾಬಿ, ಗ್ನೂ ಥರ ದೊಡ್ಡದೇನಲ್ಲ ಅಂತ ಅವರೇ ಬರೆದಿದ್ದಾರೆ, ಬ್ಯಾಶ್ 1.08 ಮತ್ತು ಜಿಸಿಸಿ 1.40 ಆಗಲೇ ಅದರ ಮೇಲೆ ಓಡ್ತಿವೆ ಅಂತಾನೂ. ಅವೆರಡೂ ಗ್ನೂದವೇ! 1992ರಲ್ಲಿ ಕರ್ನಲ್‌ಗೂ ಜಿಪಿಎಲ್ ಹಾಕಿದ್ರು, ಅಲ್ಲಿಗೆ ಎರಡೂ ಸೇರಿ ಪೂರ್ತಿ ಸಿಸ್ಟಮ್ ಆಯ್ತು.

ದಯವಿಟ್ಟು ಮುಂದಿನ ಸಲ ಲಿನಕ್ಸ್ ಬಗ್ಗೆ ಬರೆಯುವಾಗ 1983ನ್ನೂ ಸೇರಿಸಿ.

ಇಂತಿ,
ನಿಮ್ಮ ಓದುಗ